ಶಾಸನಪಾಠಗಳ ಗಣಕರೂಪ: ಷರತ್ತು ಮತ್ತು ಸೂತ್ರ

ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ 7 ಮತ್ತು 8ನೆಯ ಸಂಪುಟಗಳು (1902, 1904) ಶಿವಮೊಗ್ಗ ಜಿಲ್ಲೆಯ ಶಾಸನಾಧ್ಯಯನಕ್ಕೆ ತಳಹದಿಯಾಗಿವೆ. ಶಿವಮೊಗ್ಗ, ಭದ್ರಾವತಿ ಪರಿಸರದ ಇಂತಹ ಪಾಠಗಳನ್ನು ಗಣಕಕ್ಕೆ ಅಳವಡಿಸುವವರ ಮೇಲೆ ಒಂದು ಹೊಣೆಯಿದೆ. ಕಲ್ಲಿನಲ್ಲಿ ಉಳಿದ ಅಕ್ಷರ, ಸವೆದು ಅಸ್ಪಷ್ಟವಾದ ಅಕ್ಷರ, ಸಂಪಾದಕರು ಊಹಿಸಿ ತುಂಬಿದ ಅಕ್ಷರ ಇವು ಒಂದರೊಳಗೊಂದು ಬೆರೆಯಬಾರದು.

ಶಾಸನಗಳಿಗೆಂದೇ ರೂಪುಗೊಂಡ 'ಎಪಿಡಾಕ್' ಪದ್ಧತಿಯು ಈ ಭೇದಗಳನ್ನು ಎಕ್ಸ್‌ಎಮ್‌ಎಲ್ ಗುರುತುಗಳಿಂದ ಸೂಚಿಸುತ್ತದೆ. ಗುರುತಿಸಿದ ಪಾಠವನ್ನು ಓದುವ ಪುಟವಾಗಿ ಪರಿವರ್ತಿಸಲು 1999ರಲ್ಲಿ ಮಾನ್ಯತೆ ಪಡೆದ ಎಕ್ಸ್‌ಎಸ್‌ಎಲ್‌ಟಿ ಭಾಷೆ ಬಳಕೆಯಾಗುತ್ತದೆ.

ಇಲ್ಲಿ ಎರಡು ಮಾರ್ಗಗಳಿವೆ. ಮೊದಲನೆಯದು, 'ಚೂಸ್', 'ವೆನ್' ಎಂಬ ಷರತ್ತುಗಳಿಂದ ಪ್ರತಿಯೊಂದು ಗುರುತನ್ನೂ ಪರೀಕ್ಷಿಸುವುದು. ಆದರೆ ತುಂಬಿದ ಭಾಗದೊಳಗೆ ಒಂದು ಹೆಸರು, ಆ ಹೆಸರಿನೊಳಗೆ ಅಸ್ಪಷ್ಟ ಅಕ್ಷರ ಬಂದಾಗ ಅದೇ ಪರೀಕ್ಷೆಗಳನ್ನು ಹಂತಹಂತಕ್ಕೂ ಪುನರಾವರ್ತಿಸಬೇಕಾಗುತ್ತದೆ. ಎರಡನೆಯದು, ಪ್ರತಿಯೊಂದು ಗುರುತಿಗೂ ಪ್ರತ್ಯೇಕ 'ಟೆಂಪ್ಲೇಟ್' ಅಥವಾ ಸೂತ್ರವನ್ನು ಬರೆದು, ಒಳಭಾಗವನ್ನು 'ಅಪ್ಲೈ-ಟೆಂಪ್ಲೇಟ್ಸ್' ಆದೇಶಕ್ಕೆ ಒಪ್ಪಿಸುವುದು. ಗುರುತು ಎಷ್ಟೇ ಆಳದಲ್ಲಿದ್ದರೂ ತಕ್ಕ ಸೂತ್ರವು ತಾನಾಗಿ ಅನ್ವಯವಾಗುತ್ತದೆ.

ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸತಲ್ಲ. ಸಾಮಾನ್ಯ ವಿಧಿಯಾದ ಉತ್ಸರ್ಗವನ್ನು ವಿಶೇಷ ವಿಧಿಯಾದ ಅಪವಾದವು ಬಾಧಿಸುತ್ತದೆ. ಉದಾಹರಣೆಗೆ, 'ಸಪ್ಲೈಡ್' ಗುರುತಿಗೆ ಚೌಕ ಕಂಸ ಹಾಕುವ ಸೂತ್ರದ ಆದ್ಯತೆ 0. ಲಿಪಿಕಾರನು ಬಿಟ್ಟುದನ್ನು ಸಂಪಾದಕರು ತುಂಬಿದ್ದರೆ ಕೋನ ಕಂಸ ಹಾಕಬೇಕೆಂಬ, ನಿಬಂಧನೆಯುಳ್ಳ ಸೂತ್ರದ ಆದ್ಯತೆ 0.5. ಆದ್ದರಿಂದ ಎರಡನೆಯದೇ ಗೆಲ್ಲುತ್ತದೆ. ಹಳೆಯ ಸೂತ್ರವನ್ನು ತಿದ್ದಬೇಕಾಗಿಲ್ಲ.

ಒಂದೇ ಗುರುತಿಗೆ ಎರಡು ಕಾರ್ಯಗಳಿದ್ದರೆ 'ಮೋಡ್' ನೆರವಾಗುತ್ತದೆ. 'ಬೆಂಕಿಪುರ' ಎಂಬ ಸ್ಥಳನಾಮವನ್ನು ಪಾಠದಲ್ಲಿ ಇದ್ದಂತೆಯೇ ಉಳಿಸಿ, ಸ್ಥಳಸೂಚಿಯಲ್ಲಿ ಮಾತ್ರ ಇಂದಿನ 'ಭದ್ರಾವತಿ'ಯ ಅಡಿಯಲ್ಲಿ ಸೇರಿಸಬಹುದು.

ಆದರೂ ಒಂದು ಎಚ್ಚರಿಕೆ ಅವಶ್ಯ. ಸೂತ್ರವಿಲ್ಲದ ಗುರುತು ಎದುರಾದರೆ ಭಾಷೆಯ ಅಂತರ್ಗತ ನಿಯಮವು ಅದರೊಳಗಿನ ಅಕ್ಷರಗಳನ್ನು ಮೌನವಾಗಿ ಮುದ್ರಿಸಿಬಿಡುತ್ತದೆ. ಆಗ ಸಂಪಾದಕರ ಊಹೆ ಕಲ್ಲಿನ ಮಾತಾಗಿ ತೋರುತ್ತದೆ. ದಾನದ ಭೂಮಿಯ ಅಳತೆಯೋ ಶಕವರ್ಷವೋ ಹೀಗೆ ನುಸುಳಿದರೆ ಇತಿಹಾಸವೇ ತಪ್ಪುತ್ತದೆ. ಆದಕಾರಣ ಎಲ್ಲ ಗುರುತುಗಳಿಗೂ ಹೊಂದುವ, -0.5 ಆದ್ಯತೆಯ ನಕ್ಷತ್ರ ಚಿಹ್ನೆಯ ಸೂತ್ರವೊಂದನ್ನು ಕಾವಲಿಗಿರಿಸಿ, ಅಪರಿಚಿತ ಗುರುತು ಬಂದೊಡನೆ ಎಚ್ಚರಿಕೆಯ ಸಂದೇಶ ನೀಡುವಂತೆ ಮಾಡಬೇಕು.

ಷರತ್ತುಗಳು ಸಂಪೂರ್ಣ ತ್ಯಾಜ್ಯವಲ್ಲ. ಒಂದು ಅಲ್ಪವಿರಾಮ ಬೇಕೇ ಬೇಡವೇ ಎಂಬಂತಹ ಸಣ್ಣ ನಿರ್ಧಾರಗಳಿಗೆ ಅವು ಸಾಕು. ಪಾಠದ ಪ್ರಾಮಾಣ್ಯವನ್ನು ಕಾಯುವ ಕೆಲಸಕ್ಕೆ ಮಾತ್ರ ಸೂತ್ರಮಾರ್ಗವೇ ಹೆಚ್ಚು ಯುಕ್ತವೆಂದು ಹೇಳಬಹುದು.