ಹಲ್ಲುನೋವಿಗೆ ಹಳೇ ಮಾತ್ರೆ ಬೇಡ

ರಾತ್ರಿ ಹಲ್ಲುನೋವು ಶುರುವಾದರೆ ಮೊದಲು ಕೈ ಹೋಗುವುದು ಲವಂಗದ ಡಬ್ಬಿಗೆ, ಆಮೇಲೆ ಔಷಧಿ ಡಬ್ಬಿಗೆ. ಹೋದ ಸಲ ಉಳಿದ ಅಮಾಕ್ಸಿಸಿಲಿನ್ ಎರಡು ನುಂಗಿದರೆ ಸರಿಹೋಗುತ್ತೆ ಅಂತೀರಾ? ಸ್ವಲ್ಪ ತಾಳಿ.

ಹುಳುಕಿಗೆ ಕಾರಣ ಹುಳುವಲ್ಲ, ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್ 1924ರಲ್ಲೇ ಪತ್ತೆಯಾಗಿತ್ತು. ನಾವು ತಿಂದ ಸಿಹಿಯನ್ನು ಇವು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹಲ್ಲಿನ ಮೇಲಿನ ಅಂಟು ಪದರದಲ್ಲಿ ಗುಂಪಾಗಿ ಅಡಗಿರುವ ಇವುಗಳಿಗೆ ಆಂಟಿಬಯೋಟಿಕ್ ಸುಲಭವಾಗಿ ತಾಗದು. ಮಾತ್ರೆಯ ಔಷಧಿ ರಕ್ತದ ಮೂಲಕ ಹೋಗಬೇಕು. ಹಲ್ಲಿನ ತಿರುಳು ಸತ್ತಿದ್ದರೆ ಅಲ್ಲಿ ರಕ್ತವೇ ಹರಿಯುವುದಿಲ್ಲ!

ಅರ್ಧಂಬರ್ಧ ನುಂಗಿದರೆ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಯವು ಉಳಿದು ಬೆಳೆಯುತ್ತವೆ. ಮದ್ದಿಗೆ ಬಗ್ಗದ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ನಾಳೆ ಮಗುವಿಗೆ ನ್ಯುಮೋನಿಯಾ ಬಂದಾಗ ಅದೇ ಔಷಧಿ ಕೈಕೊಟ್ಟರೆ?

ನೀವು ಹೀಗೆ ಮಾಡಿ:

* ಬೆಳಗಾಗುವವರೆಗೆ ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ, ಬೆಳಿಗ್ಗೆಯೇ ದಂತವೈದ್ಯರಲ್ಲಿಗೆ ಹೋಗಿ. ಹುಳುಕು ತೆಗೆದು ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಮಾಡುವುದೇ ನಿಜವಾದ ಚಿಕಿತ್ಸೆ.
* ಮುಖ ಊದಿ ಜ್ವರ ಬಂದರೆ, ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಗ ಆಂಟಿಬಯೋಟಿಕ್ ಬೇಕಾಗಬಹುದು. ವೈದ್ಯರು ಹೇಳಿದಷ್ಟು ದಿನ ತಪ್ಪದೆ ತಗೊಳ್ಳಿ.
* ಕೆಂಪು ಗೆರೆಯಿರುವ ಮಾತ್ರೆಗಳನ್ನು ಚೀಟಿ ಇಲ್ಲದೆ ಕೊಳ್ಳಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ.
* ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಸಲ ಹಲ್ಲುಜ್ಜಿ. ಮಗುವಿನ ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಬೇಡಿ.

ಔಷಧಿ ಡಬ್ಬಿಯನ್ನು ಇವತ್ತೇ ಒಮ್ಮೆ ತೆರೆದು ನೋಡ್ತೀರಲ್ಲ?