ಅಣಶಿ ಘಟ್ಟವೂ ಮುದಿ ಮೋಟಾರ್ ಸೈಕಲ್ಲೂ

ಯಂತ್ರವೊಂದನ್ನು ನಿರ್ಮಿಸಿದ ಕಾರ್ಖಾನೆಯು ಬಾಗಿಲು ಹಾಕಿದ ದಿನದಿಂದಲೇ ಆ ಯಂತ್ರಕ್ಕೆ ಮುಪ್ಪು ಆರಂಭವಾಗುತ್ತದೆನ್ನಬಹುದು. ಬಿಡಿಭಾಗಗಳು ಹಳೆಯ ಅಂಗಡಿಗಳಲ್ಲಿ ಕೆಲಕಾಲ ಸಿಕ್ಕಾವು. ಆದರೆ ಅವನ್ನು ಜೋಡಿಸಲೆಂದೇ ಕಾರ್ಖಾನೆಯವರು ಮಾಡಿಸಿದ್ದ ವಿಶೇಷ ಹತ್ಯಾರುಗಳು ಎಲ್ಲರಿಗಿಂತ ಮೊದಲು ಕಣ್ಮರೆಯಾಗುತ್ತವೆ.

ನಮ್ಮ ಮೈಸೂರಿನ ಜಾವಾ ಇದಕ್ಕೆ ಒಳ್ಳೆಯ ನಿದರ್ಶನ. ಜೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ಈ ಹೆಸರು, ಜಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲಕ್ಷರಗಳ ಕೂಡಿಕೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಮುಂದೆ ಅವು ‘ಯೆಜ್ಡಿ’ ಎನಿಸಿಕೊಂಡವು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದುವೆಂಬುದು ನಿಜ. ಆದರೆ ಹೊಸ ಗಾಡಿಗಳ ಯಂತ್ರವೇ ಬೇರೆ. ಅಜ್ಜನ ಕಾಲದ ಗಾಡಿಯನ್ನು ಉಳಿಸಿಕೊಂಡವರು ತಮ್ಮ ಹತ್ಯಾರನ್ನು ತಾವೇ ಮಾಡಿಕೊಳ್ಳಬೇಕು.

ಇಂತಹ ಗಾಡಿಯನ್ನು ಅಣಶಿ ಘಟ್ಟದಲ್ಲಿ ಇಳಿಸುವಾಗ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಜೋಯಿಡಾದಿಂದ ಕಾರವಾರಕ್ಕೆ ಹೋಗುವ ಹಾದಿಯು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದಟ್ಟ ಕಾಡನ್ನು ಹಾದು, ತಿರುವು ತಿರುವಾಗಿ ಕದ್ರಾದ ಕಡೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ನೀರು ಹರಿಯುತ್ತಿರುತ್ತದೆ. ತರಗೆಲೆಯ ಕೆಳಗೆ ಗುಂಡಿಯಿದ್ದರೆ ಕಾಣದು. ಇಳಿಜಾರಿನಲ್ಲಿ ಬ್ರೇಕು ಹಿಡಿದೊಡನೆ ಗಾಡಿಯ ಭಾರವೂ ಸವಾರನ ಭಾರವೂ ಮುಂದಿನ ಚಕ್ರದ ಮೇಲೆ ಬೀಳುತ್ತವೆ. ಆ ಭಾರವನ್ನು ಹೊರುವುದು ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಫೋರ್ಕು.

ಫೋರ್ಕಿನ ರಚನೆ ಸರಳವಾದುದು. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗೆ ಸ್ಪ್ರಿಂಗು, ಅದರೊಡನೆ ಎಣ್ಣೆ. ಗುಂಡಿಯ ಪೆಟ್ಟನ್ನು ಸ್ಪ್ರಿಂಗು ನುಂಗುತ್ತದೆ. ನುಂಗಿದ ಸ್ಪ್ರಿಂಗು ಚೆಂಡಿನಂತೆ ಪುಟಿಯದಂತೆ ಎಣ್ಣೆ ತಡೆಯುತ್ತದೆ. ಹೀಗೆ ಎಣ್ಣೆಯಿಂದ ಪುಟಿತವನ್ನು ತಡೆಯುವ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿ ತನ್ನ ಗಾಡಿಗಳಿಗೆ ಅಳವಡಿಸಿತು. ಈ ಎಣ್ಣೆಯನ್ನು ಕಾಯುವುದು ಬೆರಳಗಲದ ರಬ್ಬರಿನ ಸೀಲು. ಅದು ಸವೆದರೆ ಎಣ್ಣೆ ಸೋರುತ್ತದೆ, ಚಕ್ರ ಕುಣಿಯುತ್ತದೆ, ನೆಲದ ಹಿಡಿತ ತಪ್ಪುತ್ತದೆ.

ನಾಲ್ಕು ಹತ್ಯಾರುಗಳು

ಸೀಲನ್ನು ಕೂರಿಸಲು ಅವಸರದವರು ಸುತ್ತಿಗೆ, ಉಳಿಗಳನ್ನು ಎತ್ತಿಕೊಳ್ಳುತ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಓರೆಯಾಗಿ ಕುಳಿತ ಸೀಲು ಮರುವಾರವೇ ಸೋರೀತು. ಇದಕ್ಕೆ ಬೇಕಾದುದು ಒಂದು ತುಂಡು ಕೊಳವೆ. ಅದರ ಒಳಸುತ್ತು ಫೋರ್ಕಿನ ಕೊಳವೆಗಿಂತ ಕೂದಲೆಳೆಯಷ್ಟು ದೊಡ್ಡದಿರಬೇಕು; ಹೊರಸುತ್ತು ಸೀಲು ಕೂರುವ ಗೂಡಿಗಿಂತ ಅಷ್ಟೇ ಚಿಕ್ಕದಿರಬೇಕು. ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಿ, ಸೀಲಿಗೆ ಎಣ್ಣೆ ಸವರಿ, ಸುತ್ತಲೂ ಮೆಲ್ಲಗೆ ತಟ್ಟಿದರೆ ಅದು ನೆಟ್ಟಗೆ ಇಳಿಯುತ್ತದೆ.

ಎರಡನೆಯದು ಎಳೆಯುವ ಸಲಾಕೆ. ಹಳೆಯ ಅನೇಕ ಗಾಡಿಗಳಲ್ಲಿ ಫೋರ್ಕಿನ ಕೊಳವೆಯನ್ನು ಕೆಳಗಿನಿಂದ ತೂರಿಸಿ ಮೇಲಿನ ಹಿಡಿಕೆಯವರೆಗೆ ಬಲವಾಗಿ ಎಳೆಯಬೇಕು.  ಕೊಳವೆಯ ತಲೆಗೆ ಹೊಂದುವ ಹಳೆಯ ನಟ್ಟೊಂದಕ್ಕೆ ಉದ್ದನೆಯ ಸಲಾಕೆಯನ್ನು ವೆಲ್ಡಿಂಗ್ ಮಾಡಿಸಿದರೆ ಕೆಲಸ ಆಯಿತು. ಮರೆಯಿಂದ ಮೇಲೆ ಬಂದ ಕೊಳವೆ ಸರಿಯಾಗಿ ಕುಳಿತ ಮೇಲೆ ಕೆಳಗಿನ ಬೋಲ್ಟನ್ನು ಬಿಗಿದು, ಬಳಿಕ ಸಲಾಕೆಯನ್ನು ತಿರುಗಿಸಿ ತೆಗೆಯಬೇಕು. ಮರೆಯ ಎಳೆಗಳು ಹೊಂದದಿದ್ದರೆ ಎಷ್ಟು ಬಲ ಹಾಕಿದರೂ ಪ್ರಯೋಜನವಿಲ್ಲ. ಜಾವಾದ್ದು ಮೆಟ್ರಿಕ್ ಎಳೆ. ಹಳೆಯ ಬ್ರಿಟಿಷ್ ಗಾಡಿಗಳದ್ದು ಬೇರೆ. ಎಳೆಯ ಅಳತೆಪಟ್ಟಿಯಿಂದ ನೋಡಿಯೇ ನಟ್ಟನ್ನು ಆರಿಸಬೇಕು.

ಮೂರನೆಯದು ಹಲ್ಲಿನ ಕೊಳವೆ. ಗಾಡಿ ಕಟ್ಟಿದವರು ದುಂಡನೆಯ ಬಳೆಗಳಲ್ಲಿ ಸೀಳುಗಳನ್ನಿಟ್ಟಿರುತ್ತಾರೆ. ಸಾಧಾರಣ ಪಾನಾ ಅಲ್ಲಿ ನಿಲ್ಲದು. ತಕ್ಕ ಅಗಲದ ಕಬ್ಬಿಣದ ಕೊಳವೆಯ ತುದಿಯಲ್ಲಿ ಗರಗಸದಿಂದ ಹಲ್ಲುಗಳನ್ನು ಕೊರೆದು ಸೀಳಿಗೆ ಸರಿಹೊಂದಿಸಿದರೆ, ಬಳೆ ಗಾಯವಾಗದೆ ಬಿಚ್ಚುತ್ತದೆ.

ನಾಲ್ಕನೆಯದು ಉದ್ದನೆಯ ಮರೆಯ ಬೋಲ್ಟು, ಎರಡು ದಪ್ಪ ವಾಷರು, ಎರಡು ನಟ್ಟು. ಹ್ಯಾಂಡಲ್ ತಿರುಗುವ ಕತ್ತಿನಲ್ಲಿ ಗುಂಡುಗಳು ಉರುಳುವ ಉಕ್ಕಿನ ಬಟ್ಟಲುಗಳನ್ನು ಸುತ್ತಿಗೆಯಿಂದ ಹೊಡೆಯದೆ, ನಟ್ಟು ಬಿಗಿಯುತ್ತ ನೆಟ್ಟಗೆ ಒತ್ತಲು ಇಷ್ಟು ಸಾಕು. ಅನಂತರ ಗ್ರೀಸಿನಲ್ಲಿ ಗುಂಡುಗಳನ್ನು ಅಂಟಿಸಿ ಜೋಡಿಸುವುದು ಕೈಚಳಕದ ಕೆಲಸ.

ಎಚ್ಚರವಿರಲಿ

ಈ ಹತ್ಯಾರುಗಳಿಗೆ ತಗಲುವ ಸಾಮಗ್ರಿಯೆಲ್ಲ ಗುಜರಿ ಅಂಗಡಿಯಲ್ಲಿಯೂ ಲೇತ್ ಇರುವ ಯಾವುದೇ ಊರಿನಲ್ಲಿಯೂ ದೊರಕುವಂಥದು. ಬೆಲೆಯುಳ್ಳದ್ದು ಅದರ ಹಿಂದಿನ ಅಳತೆ ಹಾಗೂ ತಾಳ್ಮೆ. ಕೆಲವು ಮುನ್ನೆಚ್ಚರಿಕೆಗಳನ್ನು ಮಾತ್ರ ಮರೆಯಲಾಗದು. ಮುಂದಿನ ಚಕ್ರ ಬಿಚ್ಚುವ ಮೊದಲು ಎಂಜಿನ್ನಿನ ಕೆಳಗೆ ಗಟ್ಟಿ ಆಧಾರವಿಡಬೇಕು. ಮೇಲಿನ ನಟ್ಟು ತೆಗೆಯುವಾಗ ಅದುಮಿದ ಸ್ಪ್ರಿಂಗು ಮುಖಕ್ಕೆ ಚಿಮ್ಮೀತು. ಕಣ್ಣಿಗೆ ಕನ್ನಡಕ ಬೇಕು. ಎರಡೂ ಕಾಲುಗಳಿಗೆ ಒಂದೇ ಅಳತೆಯ ಎಣ್ಣೆ ಸುರಿಯಬೇಕು. ಚಕ್ರ ಜೋಡಿಸಿದ ಮೇಲೆ, ಕೊನೆಯ ಬೋಲ್ಟುಗಳನ್ನು ಬಿಗಿಯುವ ಮೊದಲು, ಫೋರ್ಕನ್ನು ಕೆಲವು ಬಾರಿ ಒತ್ತಿ ಬಿಟ್ಟರೆ ಕಾಲುಗಳು ಸಮವಾಗಿ ನಿಲ್ಲುತ್ತವೆ. ಬಯಲಿನ ನೇರ ರಸ್ತೆಯಲ್ಲಿ ಓಡಿಸಿ, ಬ್ರೇಕು ಹಿಡಿದು ನೋಡಿ, ಎಲ್ಲಿಯೂ ಎಣ್ಣೆ ಜಿನುಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಘಟ್ಟದ ಮಾತು.

ಮನೆಯ ಹಿರಿಯರ ಹಳೆಯ ಗಾಡಿಯೊಂದು ಮೂಲೆಯಲ್ಲಿ ಧೂಳು ಹಿಡಿಯುತ್ತಿದ್ದರೆ, ಅದನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಯೋಚಿಸಿರಿ. ಗಾಡಿಯೊಡನೆ ಅದರ ಹತ್ಯಾರುಗಳನ್ನೂ, ಯಾವುದರಿಂದ ಯಾವುದನ್ನು ಬಿಚ್ಚಬೇಕೆಂಬ ಚೀಟಿಯನ್ನೂ ಒಂದು ಪೆಟ್ಟಿಗೆಯಲ್ಲಿ ಕಟ್ಟಿಡಿರಿ. ಮುಂದಿನ ತಲೆಮಾರಿನವರು ಅಣಶಿಯ ತಿರುವಿನಲ್ಲಿ ಬ್ರೇಕು ಒತ್ತಿದಾಗ ಅವರ ಜೀವವನ್ನು ಕಾಯುವುದು ಆ ಪೆಟ್ಟಿಗೆಯೇ.