ನೌಕಾನೆಲೆಯ ಜಾಗ ಸಿಕ್ತು, ಮನೆ ಕಟ್ಟೋ ದುಡ್ಡು ಎಲ್ಲಿಂದ?

ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಡ್ಜ್ ಮೇಲೆ ಓಡಾಡೋ ನಮ್ಮ ಕೇಳುಗರು ಟ್ರೆಷರ್ ಐಲ್ಯಾಂಡ್ ನೋಡಿರ್ತೀರಿ. ಕೊಲ್ಲಿಗೆ ಮಣ್ಣು ತುಂಬಿಸಿ ಮಾಡಿದ ದ್ವೀಪ ಅದು. 1939ರಲ್ಲಿ ಅಲ್ಲಿ ವಿಶ್ವಮೇಳ ನಡೀತು, ಆಮೇಲೆ ಅಮೆರಿಕದ ನೌಕಾನೆಲೆ ಆಯ್ತು, 1997ರಲ್ಲಿ ಅದೂ ಮುಚ್ಚಿತು. ಈಗ ಅಲ್ಲಿ 8,000 ಮನೆಗಳ ಯೋಜನೆ ನಡೀತಿದೆ.

ಸೇನಾನೆಲೆ ಮುಚ್ಚಿದಾಗ ಮನೆಯಿಲ್ಲದವರ ಅಗತ್ಯವನ್ನೂ ಯೋಜನೆಯಲ್ಲಿ ಲೆಕ್ಕಕ್ಕೆ ತಗೋಬೇಕು ಅಂತ ಅಮೆರಿಕದಲ್ಲಿ 1994ರಿಂದ ಕಾನೂನಿದೆ. ಹಾಗಾಗಿ ಈ ದ್ವೀಪದಲ್ಲಿ 435 ಮನೆಗಳು ಅಂಥವರಿಗೆ ಮೀಸಲು. ಒಳ್ಳೆಯದೇ. ಆದ್ರೆ ಆ ಕಾನೂನು ಕಟ್ಟೋ ಖರ್ಚು ಕೊಡಲ್ಲ.

ದುಡ್ಡಿನ ದೊಡ್ಡ ಪಾಲು ಬರಬೇಕಾದ್ದು, ನಂಬ್ತೀರೋ ಇಲ್ವೋ, ಇನ್ನೂ ಕಟ್ಟದ ಮನೆಗಳ ತೆರಿಗೆಯಿಂದ! ಒಂದು ಜಾಗದಿಂದ ಇವತ್ತು 100 ಡಾಲರ್ ಆಸ್ತಿ ತೆರಿಗೆ ಬರ್ತಿದೆ ಅಂದ್ಕೊಳ್ಳಿ. ಮನೆಗಳು ಎದ್ದ ಮೇಲೆ 900 ಬರುತ್ತೆ. ಹೆಚ್ಚಾದ ಆ 800ಕ್ಕೆ 'ಟ್ಯಾಕ್ಸ್ ಇನ್‌ಕ್ರಿಮೆಂಟ್' ಅಂತಾರೆ. ಅದನ್ನ ನಂಬಿ ಬಾಂಡ್ ಮಾರಿ ಸಾಲ ಎತ್ತುತ್ತಾರೆ. ಕ್ಯಾಲಿಫೋರ್ನಿಯಾದ ರಿಡೆವಲಪ್‌ಮೆಂಟ್ ಏಜೆನ್ಸಿಗಳು ಇದರಲ್ಲಿ 20% ಹಣವನ್ನು ಕಡಿಮೆ ಮತ್ತು ಮಧ್ಯಮ ಆದಾಯದವರ ಮನೆಗೆ ಎತ್ತಿಡಲೇಬೇಕಿತ್ತು. ಶಾಲೆಗಳಿಗೆ ಸೇರಬೇಕಾದ ತೆರಿಗೆ ಪಾಲೂ ಇದೇ ಗಂಟಿಗೆ ಬೀಳ್ತಿತ್ತು. ಜಗಳ ಶುರುವಾಗಿದ್ದೂ ಅಲ್ಲೇ.

2011ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಈ ಏಜೆನ್ಸಿಗಳನ್ನೇ ತೆಗೆದುಹಾಕೋಣ ಅಂದ್ರು. 2012ರ ಫೆಬ್ರವರಿಗೆ ಅವು ಮುಚ್ಚಿಯೂ ಹೋದವು. ಅಷ್ಟರಲ್ಲಿ ಟ್ರೆಷರ್ ಐಲ್ಯಾಂಡ್ ಯೋಜನೆ 'ಇನ್‌ಫ್ರಾಸ್ಟ್ರಕ್ಚರ್ ಫೈನಾನ್ಸಿಂಗ್ ಡಿಸ್ಟ್ರಿಕ್ಟ್' ಅನ್ನೋ ಬೇರೆ ದಾರಿ ಹಿಡಿದಿತ್ತು. ಇದರಲ್ಲಿ ಶಾಲೆಯ ಪಾಲು ಮುಟ್ಟೋ ಹಾಗಿಲ್ಲ. ನನಗೆ ಆ ನಿಯಮ ನ್ಯಾಯ ಅಂತಲೇ ಅನ್ನಿಸುತ್ತೆ. ಆದ್ರೆ ಗಂಟು ಚಿಕ್ಕದಾಯ್ತು. ಕೈಗೆಟುಕುವ ಮನೆಗಳ ಪಾಲು 30%ರಿಂದ 25%ಗೆ ಇಳೀತು. ಐದೇ ಪರ್ಸೆಂಟ್ ಅಲ್ವಾ ಅನ್ನಬೇಡಿ, 8,000ದಲ್ಲಿ ಅದು 400 ಸಂಸಾರ. ಆಮೇಲೆ ಸ್ವಲ್ಪ ಏರಿ ಈಗ ಸುಮಾರು 27% ಆಗಿದೆ.

ಇನ್ನೊಂದು ತೊಡಕಿದೆ. ದುಬಾರಿ ಫ್ಲ್ಯಾಟ್‌ಗಳು ಎದ್ದು ನಿಲ್ಲದೆ ತೆರಿಗೆ ಏರಲ್ಲ, ತೆರಿಗೆ ಏರದೆ ಈ ದುಡ್ಡು ಬರಲ್ಲ. ಅಂದ್ರೆ ರಿಯಲ್ ಎಸ್ಟೇಟ್ ಮಾರುಕಟ್ಟೆ ಮಲಗಿದ್ರೆ ಬಡವರ ಮನೆಗೆ ಬರೋ ದುಡ್ಡೂ ಮಲಗುತ್ತೆ. ನೆಲೆ ಮುಚ್ಚಿದ್ದು 1997ರಲ್ಲಿ. ಮಾಜಿ ಸೈನಿಕರಿಗೆ ಅಂತ ಕಟ್ಟಿದ 105 ಮನೆಗಳ ಮೇಸಿಯೋ ಮೇ ಅಪಾರ್ಟ್‌ಮೆಂಟ್ಸ್ ಬಾಗಿಲು ತೆರೆದಿದ್ದು 2023ರಲ್ಲಿ.